ಬೆರಳಲ್ಲಿ ಬಾಗುವುದು ಗೆಣ್ಣು, ಬಾಗದ್ದಕ್ಕೆ ಏನೆನ್ನೋಣ?

ದಾವಣಗೆರೆಯಲ್ಲಿ ಎಲುಬು-ಕೀಲು ಡಾಕ್ಟರ ಕ್ಲಿನಿಕ್ ಹೊರಗೆ ಸಂಜೆ ಹೊತ್ತು ಕೂತರೆ, ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡವರು ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಒಬ್ಬರದು ಅಂಗಡಿ ಶಟರ್ ಎಳೆಯುವಾಗ ಸಿಕ್ಕಿದ್ದು. ಇನ್ನೊಬ್ಬರದು ಮೆಕ್ಕೆಜೋಳದ ಮಷೀನಿಗೆ ತಗುಲಿದ್ದು. ಹುಡುಗರಾದರೆ ಕ್ರಿಕೆಟ್ ಚೆಂಡು. ಎಕ್ಸ್‌ರೇ ಕವರಿನೊಳಗೆ ಒಂದು ಚೀಟಿ ಇರುತ್ತದೆ. ಅದರಲ್ಲಿ ‘ಪ್ರಾಕ್ಸಿಮಲ್ ಫ್ಯಾಲ್ಯಾಂಕ್ಸ್ ಫ್ರ್ಯಾಕ್ಚರ್’ ಅಂತ ಬರೆದಿರುತ್ತದೆ. ಆಮೇಲೆ ಹೆಚ್ಚುಕಡಿಮೆ ಇಂಥ ಮಾತುಕತೆ ನಡೆಯುತ್ತದೆ.

“ಗೆಣ್ಣು ಮುರ್ದೈತೇನ್ರೀ ಸರ?”

“ಗೆಣ್ಣಲ್ಲ ಯಜಮಾನ್ರೇ, ಎಲುಬಿಗೆ ಕ್ರ್ಯಾಕ್ ಬಂದೈತಿ.”

“ಗೆಣ್ಣಂದ್ರ ಎಲುಬಲ್ಲೇನ್ರೀ ಮತ್ತ?”

ಈ ಕೊನೇ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಗೆಣ್ಣು ಅಂದರೆ ಎಲುಬೋ, ಎಲುಬುಗಳು ಸೇರುವ ಜಾಗವೋ? ಚೀಟಿಯಲ್ಲಿರುವ ಆ ಫ್ಯಾಲ್ಯಾಂಕ್ಸ್ ಎಲ್ಲಿಂದ ಬಂತು? ಇವೆರಡನ್ನೂ ಬಿಡಿಸಿಕೊಂಡರೆ ನಮ್ಮ ಕೈಯ ಎಕ್ಸ್‌ರೇಯನ್ನು ನಾವೇ ಅರ್ಧ ಓದಬಹುದು.

ಮೊದಲು ನಮ್ಮ ಮಾತನ್ನೇ ನೋಡೋಣ. ಭದ್ರಾ ನಾಲೆಯ ನೀರು ಹರಿಯುವ ಕಡೆ ಕಬ್ಬಿನ ಗದ್ದೆ ಇರುತ್ತದಲ್ಲ, ಅಲ್ಲಿ ಒಂದು ಜಲ್ಲೆ ಮುರಿದು ಕೈಯಲ್ಲಿ ಹಿಡಿಯಿರಿ. ಅಲ್ಲಲ್ಲಿ ಬಳೆ ತೊಡಿಸಿದ ಹಾಗೆ ಉಬ್ಬಿದ ಗಂಟು, ನಡುವೆ ನುಣ್ಣಗಿನ ಉದ್ದ ಭಾಗ. ಆ ಗಂಟೇ ಗೆಣ್ಣು. ಬಿದಿರಿಗೂ ಗೆಣ್ಣಿದೆ, ಜೋಳದ ದಂಟಿಗೂ ಇದೆ. ಬೆರಳಿಗೂ ಅದೇ ಹೆಸರು. ಇದು ನಮ್ಮದೇ ಮಣ್ಣಿನ ಪದ, ಸಂಸ್ಕೃತದಿಂದ ಬಂದದ್ದಲ್ಲ. ತಮಿಳಿನಲ್ಲಿ ಇದರ ಒಡಹುಟ್ಟು ‘ಕಣು’. ತೆಲುಗಿನಲ್ಲಿ ‘ಕಣುಪು’, ‘ಗಣುಪು’. ಚಳ್ಳಕೆರೆ, ಮೊಳಕಾಲ್ಮೂರು ಕಡೆ ತೆಲುಗು ಮನೆಮಾತಿನವರು ಸಾಕಷ್ಟಿದ್ದಾರೆ, ಅವರಿಗೆ ಈ ನಂಟು ಹೇಳಿಕೊಡಬೇಕಾಗಿಲ್ಲ. ಕಬ್ಬು, ಬಿದಿರು, ಬೆರಳು ಎಲ್ಲಕ್ಕೂ ಒಂದೇ ಪದ ಸಾಕಾಗಿದೆ.

ಆದರೆ ಬೆರಳಿಗೆ ಬಂದಾಗ ಈ ಪದ ಸ್ವಲ್ಪ ಜಾರುತ್ತದೆ. ಅಜ್ಜಿಯರು ಹಾಲಿನ ಲೆಕ್ಕ ಹಾಕುವುದನ್ನು ನೋಡಿರುತ್ತೀರಿ. ಹೆಬ್ಬೆರಳ ತುದಿಯನ್ನು ಕಿರುಬೆರಳ ಬುಡದಲ್ಲಿಟ್ಟು, ಒಂದೊಂದೇ ಮೇಲಕ್ಕೆ ಸರಿಸುತ್ತಾರೆ. ಒಂದು ಬೆರಳಿಗೆ ಮೂರು, ನಾಲ್ಕು ಬೆರಳಿಗೆ 12. “ಎಷ್ಟು ಗೆಣ್ಣಾತು?” ಅಂತ ತಮಗೆ ತಾವೇ ಕೇಳಿಕೊಳ್ಳುತ್ತಾರೆ. ಅಲ್ಲಿ ಅವರು ಮುಟ್ಟುತ್ತಿರುವುದು ಬಾಗುವ ಗೆರೆಯನ್ನಲ್ಲ, ಎರಡು ಗೆರೆಗಳ ನಡುವಿನ ಮೆತ್ತನೆ ಭಾಗವನ್ನು. ಅದೇ ಅಜ್ಜಿ ಚಳಿಗಾಲದಲ್ಲಿ “ಗೆಣ್ಣು ಹಿಡಕೊಂಡಾವು” ಅಂದರೆ ಅಲ್ಲಿ ಗೆಣ್ಣು ಅಂದರೆ ಕೀಲೇ. ಒಂದೇ ಬಾಯಿ, ಒಂದೇ ಪದ, ಎರಡು ಅರ್ಥ. ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಡಾಕ್ಟರ ಮುಂದೆ ಕೂತಾಗ ಮಾತ್ರ ತೊಡಕು.

ಈ ತೊಡಕನ್ನು ಬಿಡಿಸಲು ಒಂದು ಹಳೆಯ ಸಾಲು ನೆರವಾಗುತ್ತದೆ. ಗ್ರೀಸಿನ ಅರಿಸ್ಟಾಟಲ್ (ಕ್ರಿ.ಪೂ. 384–322) ಪ್ರಾಣಿಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಮನುಷ್ಯನ ಅಂಗಾಂಗಗಳ ಹೆಸರು ಹೇಳುತ್ತಾ ಹೋಗುತ್ತಾನೆ. ಬೆರಳಿಗೆ ಬಂದಾಗ ಎರಡೇ ಮಾತು: ಬೆರಳಿನಲ್ಲಿ ಬಾಗುವ ಭಾಗಕ್ಕೆ ‘ಕೊಂಡಿಲೋಸ್’, ಬಾಗದ ಭಾಗಕ್ಕೆ ‘ಫಾಲಾಂಕ್ಸ್’. ಅಷ್ಟೇ. ನಮ್ಮ ಗೆಣ್ಣು ಅವನ ಕೊಂಡಿಲೋಸ್. ಎಲುಬಿನ ತುದಿಯ ದುಂಡನೆ ಉಬ್ಬಿಗೆ ವೈದ್ಯರು ಇವತ್ತಿಗೂ ಹೇಳುವ ‘ಕಾಂಡೈಲ್’ ಇದರಿಂದಲೇ ಬಂದದ್ದು. ಬಾಗದ ಭಾಗದ ಹೆಸರು ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಬಂದು, ದಾವಣಗೆರೆಯ ಎಕ್ಸ್‌ರೇ ಚೀಟಿಯಲ್ಲಿ ಕೂತಿದೆ. ಒಂದೇ ಇದ್ದರೆ ಫ್ಯಾಲ್ಯಾಂಕ್ಸ್, ಹಲವು ಇದ್ದರೆ ಫ್ಯಾಲಂಜೀಸ್. ಚೀಟಿಯಲ್ಲಿ ಎರಡೂ ರೂಪ ಕಾಣಬಹುದು, ಗಾಬರಿ ಬೇಡ.

ಬಾಗದ್ದಕ್ಕೆ ಆ ಹೆಸರು ಯಾಕೆ ಬಂತು? ಇಲ್ಲಿ ಎಲ್ಲರೂ ಹೇಳುವ ಕಥೆ ಒಂದಿದೆ. ಫಾಲಾಂಕ್ಸ್ ಅಂದರೆ ಗ್ರೀಕರ ಸೇನೆಯ ಒತ್ತುಸಾಲು. ಕಾಲಾಳುಗಳು ಭುಜಕ್ಕೆ ಭುಜ ತಾಗಿಸಿ, ಸಾಲಿನ ಹಿಂದೆ ಸಾಲು ನಿಲ್ಲುತ್ತಿದ್ದರು. ಮ್ಯಾಸಿಡೋನಿಯಾದ ಎರಡನೇ ಫಿಲಿಪ್ ಅವರ ಕೈಗೆ ಐದಾರು ಮೀಟರ್ ಉದ್ದದ ಈಟಿ ಕೊಟ್ಟ. ಅದೇ ವ್ಯೂಹವನ್ನು ಅವನ ಮಗ ಅಲೆಕ್ಸಾಂಡರ್ ಕ್ರಿ.ಪೂ. 326ರಲ್ಲಿ ಝೇಲಂ ದಡಕ್ಕೆ, ಪೋರಸ್ ದೊರೆಯ ಎದುರಿಗೆ ತಂದ. ಅಲೆಕ್ಸಾಂಡರ್ ಹುಡುಗನಾಗಿದ್ದಾಗ ಅವನಿಗೆ ಪಾಠ ಹೇಳಿದವನು ಇದೇ ಅರಿಸ್ಟಾಟಲ್. ಹಾಗಾಗಿ ಬೆರಳಿನ ಎಲುಬುಗಳು ಸಾಲಾಗಿ ನಿಂತಿರುವುದನ್ನು ಕಂಡು ಸೇನೆಯ ಹೆಸರಿಟ್ಟರು ಅನ್ನುತ್ತಾರೆ. ಎಷ್ಟೋ ಪಾಠಗಳಲ್ಲಿ ಇದೇ ವಿವರಣೆ ಸಿಗುತ್ತದೆ. ಕಥೆ ಚೆನ್ನಾಗಿದೆ, ನೆನಪಲ್ಲೂ ಉಳಿಯುತ್ತದೆ.

ನನಗೆ ಮಾತ್ರ ಇನ್ನೊಂದು ದಾರಿ ಹೆಚ್ಚು ಸರಿ ಅನಿಸುತ್ತದೆ. ಸೇನೆಗೆ ಹೋಗುವ ಮೊದಲು ಈ ಪದಕ್ಕೆ ದಿಮ್ಮಿ ಅನ್ನುವ ಅರ್ಥವಿತ್ತು. ದುಂಡನೆಯ ಮರದ ತುಂಡು. ಇಥಿಯೋಪಿಯಾದವರು ಪರ್ಷಿಯಾದ ದೊರೆಗೆ ಕಾಣಿಕೆಯಾಗಿ ಕೊಡುತ್ತಿದ್ದ ಎಬನಿ ಮರದ 200 ದಿಮ್ಮಿಗಳನ್ನು ಹೇಳುವಾಗ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬಳಸಿದ್ದು ಇದೇ ಪದವನ್ನು. ರೋಮನ್ನರ ಕಾಲಕ್ಕೆ ಹಡಗನ್ನು ಉರುಳಿಸಿಕೊಂಡು ಹೋಗಲು ಕೆಳಗೆ ಹಾಕುವ ಮರದ ತುಂಡಿಗೂ, ಭಾರ ಹೊರುವ ಅಡ್ಡೆಗೂ ಇದೇ ಹೆಸರು. ಅರಿಸ್ಟಾಟಲ್ ಮಾತನ್ನು ಮತ್ತೊಮ್ಮೆ ನೋಡಿ. ಅವನು ಸಾಲಿನ ಮಾತೇ ಆಡುವುದಿಲ್ಲ. ಬಾಗುವುದು, ಬಾಗದ್ದು ಅಂತ ಎರಡು ಭಾಗ ಮಾಡುತ್ತಾನೆ. ಬಾಗದ, ಗಟ್ಟಿಯಾದ, ದುಂಡಗಿನ ತುಂಡಿಗೆ ದಿಮ್ಮಿ ಅನ್ನುವುದಕ್ಕಿಂತ ಸಹಜವಾದ ಹೆಸರು ಯಾವುದು? ಸಾಲು ಬೇಕಾದರೆ ಒಂದೇ ಎಲುಬಿಗೆ ಆ ಹೆಸರು ಒಗ್ಗುವುದಿಲ್ಲ. ಒಬ್ಬ ಸಿಪಾಯಿಯನ್ನು ಯಾರೂ ಪಡೆ ಅಂತ ಕರೆಯುವುದಿಲ್ಲ. ಒಂದು ದಿಮ್ಮಿಯನ್ನು ಮಾತ್ರ ದಿಮ್ಮಿ ಅಂತಲೇ ಕರೆಯುತ್ತಾರೆ. ಸೇನೆಯ ಕಥೆ ಸುಳ್ಳು ಅಂತ ಹೇಳುತ್ತಿಲ್ಲ. ಗ್ರೀಕರ ಕಿವಿಯಲ್ಲಿ ಎರಡೂ ಅರ್ಥ ಒಟ್ಟಿಗೇ ಕೇಳಿಸಿರಬಹುದು. ಆದರೆ ಬೆರಳಿಗೆ ಹತ್ತಿರದ ನೆಂಟ ದಿಮ್ಮಿಯೇ ಅಂತ ನನ್ನ ನಂಬಿಕೆ.

ಇನ್ನು ಸಂಸ್ಕೃತದ ಕಡೆಯ ಹೆಸರು ‘ಪರ್ವ’. ಇದು ನಮಗೆಲ್ಲ ಗೊತ್ತಿರುವ ಪದವೇ, ಆದರೆ ಬೆರಳಿನಿಂದ ದೂರ ನಿಂತು ಗೊತ್ತು. ಮಹಾಭಾರತದ 18 ಪರ್ವ, ಗ್ರಹಣದ ಪರ್ವಕಾಲ. ಮೂಲದಲ್ಲಿ ಪರ್ವ ಅಂದರೆ ಹುಲ್ಲು, ಬಿದಿರು, ಕಬ್ಬಿನ ಗೆಣ್ಣು. ಹಾಗೆಯೇ ಗೆಣ್ಣಿನಿಂದ ಗೆಣ್ಣಿನವರೆಗಿನ ತುಂಡು ಕೂಡ. ಬೆರಳಿನ ತುಂಡಿಗೂ ಪರ್ವ ಅಂತಲೇ ಹೆಸರು. ಕರಮಾಲೆ ಅಂತ ಬೆರಳಲ್ಲೇ ಜಪ ಎಣಿಸುವ ಕ್ರಮವಿದೆ. ಉಂಗುರ ಬೆರಳಿನ ನಡು ಪರ್ವದಲ್ಲಿ ಶುರು ಮಾಡಿ, ಬುಡಕ್ಕಿಳಿದು, ಕಿರುಬೆರಳನ್ನು ಕೆಳಗಿನಿಂದ ಮೇಲಕ್ಕೆ ಏರಿ, ತುದಿಗಳನ್ನು ದಾಟಿ, ತೋರುಬೆರಳ ಬುಡಕ್ಕೆ ಮುಗಿಸಿದರೆ ಸರಿಯಾಗಿ ಹತ್ತು. ನಡುಬೆರಳಿನ ಕೆಳಗಿನ ಎರಡು ಪರ್ವ ಮೇರು, ಅವನ್ನು ಮುಟ್ಟುವುದಿಲ್ಲ. ಈ ಎಣಿಕೆಯಲ್ಲಿ ಪರ್ವ ಅಂದರೆ ತುಂಡು, ಕೀಲಲ್ಲ. ನಮ್ಮ ಅಜ್ಜಿಯರ ಗೆಣ್ಣಿನ ಲೆಕ್ಕವೂ ಹೀಗೇ ತಾನೇ?

ತಿಂಗಳಿಗೂ ಗೆಣ್ಣುಗಳಿವೆ. ಹುಣ್ಣಿಮೆ, ಅಮಾವಾಸ್ಯೆ. ಎರಡು ಪಕ್ಷಗಳು ಸೇರುವ ಜಾಗ ಅವು. ಅದಕ್ಕೇ ಆ ದಿನಗಳೂ ಪರ್ವಗಳಾದವು. ಪೂಜೆ, ವ್ರತ ಎಲ್ಲ ಆ ದಿನಗಳಿಗೆ ಕೂಡಿಕೊಂಡವು. ಪರ್ವ ಅನ್ನುವುದು ಜನರ ಬಾಯಲ್ಲಿ ಸವೆದು ಪಬ್ಬ ಆಯಿತು, ಪರ್ಬ ಆಯಿತು. ತುಳುವಿನಲ್ಲಿ ಈಗಲೂ ಪರ್ಬ. ಕನ್ನಡದಲ್ಲಿ ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ, ಪಬ್ಬವೂ ಹಬ್ಬವಾಯಿತು. ಎರಡು ವರ್ಷಕ್ಕೊಮ್ಮೆ ದಾವಣಗೆರೆ ಊರಿಗೆ ಊರೇ ಮಾಡುವ ದುಗ್ಗಮ್ಮನ ಹಬ್ಬದಲ್ಲಿ ಇರುವ ಹಬ್ಬವೂ, ಬೆರಳಿನ ತುಂಡಿನ ಪರ್ವವೂ ಒಂದೇ ಬೇರಿನವು.

ಸಂಸ್ಕೃತದ ಗಟ್ಟಿ ಒತ್ತಕ್ಷರಗಳು ಜನರ ಬಾಯಲ್ಲಿ ಹೇಗೆ ಕರಗುತ್ತಿದ್ದವು ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನವಿದೆ, ಕ್ರಿ.ಪೂ. ಮೂರನೇ ಶತಮಾನದ್ದು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಹೊರಜಗತ್ತಿಗೆ ತೋರಿಸಿದರು. ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಬಂದ ಸಂದೇಶ ಅದು. ಅದರಲ್ಲಿ ‘ಆರ್ಯಪುತ್ರ’ ಅನ್ನುವುದು ‘ಅಯಪುತ’ ಆಗಿದೆ. ಎರಡೂ ರಕಾರ ಮಾಯ. ಪರ್ವ ಹಬ್ಬವಾಗಿದ್ದೂ ಇಂಥ ಬಾಯಿಗಳಲ್ಲೇ. ಅಷ್ಟು ಹಳೆಯ ಉಚ್ಚಾರಣೆ ಕಲ್ಲಿನ ಮೇಲೆ, ಬಸ್ಸಿನಲ್ಲಿ ಹೋಗಿ ನೋಡಿ ಬರುವಷ್ಟು ಹತ್ತಿರ ಇದೆ. ನೋಡದವರು ಒಮ್ಮೆ ಹೋಗಿಬನ್ನಿ.

ಈಗ ಕೈಗೆ ಬರೋಣ. ಮಣಿಕಟ್ಟಿನಲ್ಲಿ 8 ಸಣ್ಣ ಎಲುಬು, ಅಂಗೈಯಲ್ಲಿ 5 ಉದ್ದ ಎಲುಬು, ಬೆರಳುಗಳಲ್ಲಿ 14. ಒಂದು ಕೈಗೆ ಒಟ್ಟು 27. ಪಾದದ ಬೆರಳುಗಳಲ್ಲೂ 14. ಅಂದರೆ ದೇಹದ 206 ಎಲುಬುಗಳಲ್ಲಿ 56 ಈ ಫ್ಯಾಲಂಜೀಸ್‌ಗಳೇ, ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ. ನಾಲ್ಕು ಬೆರಳಿಗೆ ಮೂರು ಮೂರು, ಹೆಬ್ಬೆರಳಿಗೆ ಎರಡು.

ಹೆಬ್ಬೆರಳಿಗೆ ಯಾಕೆ ಎರಡೇ ಅನ್ನುವುದು ಹಳೆಯ ಜಗಳ. ಸುಶ್ರುತ ಸಂಹಿತೆ ಬೆರಳಿಗೆ ಮೂರರಂತೆ 15 ಅಂತ ಲೆಕ್ಕ ಕೊಡುತ್ತದೆ. ರೋಮ್ ಕಾಲದ ವೈದ್ಯ ಗೇಲನ್ ಕೂಡ ಹೆಬ್ಬೆರಳಿಗೆ ಮೂರು ಅಂದ. ಅವರಿಗೆ ಕಣ್ಣು ಕಾಣಲಿಲ್ಲ ಅಂತಲ್ಲ. ಅಂಗೈಯೊಳಗೆ ಹುದುಗಿರುವ ಹೆಬ್ಬೆರಳ ಬುಡದ ಎಲುಬನ್ನು ಬೆರಳಿನ ಲೆಕ್ಕಕ್ಕೆ ಹಾಕಿದರೆ ಮೂರಾಗುತ್ತದೆ, ಅಂಗೈ ಲೆಕ್ಕಕ್ಕೆ ಹಾಕಿದರೆ ಎರಡು. ಇವತ್ತಿನ ಪುಸ್ತಕಗಳು ಅಂಗೈಗೆ ಹಾಕುತ್ತವೆ. ಆದರೆ ಮಕ್ಕಳ ಎಕ್ಸ್‌ರೇ ಹಳಬರ ಪರವಾಗಿಯೂ ಒಂದು ಮಾತು ಹೇಳುತ್ತದೆ. ಮಕ್ಕಳ ಕೈಯೆಲುಬುಗಳಲ್ಲಿ ಬೆಳವಣಿಗೆ ನಡೆಯುವ ಮೃದ್ವಸ್ಥಿಯ ಪಟ್ಟಿ ಒಂದಿರುತ್ತದೆ. ಬೆರಳಿನ ಎಲುಬುಗಳಲ್ಲಿ ಅದು ಬುಡದ ಕಡೆಗೆ ಇರುತ್ತದೆ. ಅಂಗೈಯ ನಾಲ್ಕು ಎಲುಬುಗಳಲ್ಲಿ ತುದಿಯ ಕಡೆಗೆ. ಹೆಬ್ಬೆರಳಿನ ಆ ಬುಡದ ಎಲುಬಿನಲ್ಲಿ? ಬುಡದ ಕಡೆಗೇ. ಬೆಳೆಯುವ ರೀತಿಯಲ್ಲಿ ಅದು ಬೆರಳಿನ ಎಲುಬೇ. ಎರಡು ಸಾವಿರ ವರ್ಷದ ಹಿಂದಿನವರ ಎಣಿಕೆಯನ್ನು ತಪ್ಪು ಅಂತ ತಳ್ಳಿಹಾಕಲು ನನಗಂತೂ ಮನಸ್ಸು ಬರುವುದಿಲ್ಲ.

ಮುಷ್ಟಿ ಕಟ್ಟಿ ನೋಡಿ. ನಾಲ್ಕು ಉಬ್ಬು ಮೇಲೆ ಬರುತ್ತವೆ. ಜನವರಿ ಉಬ್ಬಿನ ಮೇಲೆ 31, ಫೆಬ್ರವರಿ ತಗ್ಗಿನಲ್ಲಿ ಕಡಿಮೆ, ಮಾರ್ಚ್ ಮತ್ತೆ ಉಬ್ಬು, ಹೀಗೆ ಶಾಲೆಯಲ್ಲಿ ತಿಂಗಳ ದಿನ ಕಲಿತದ್ದು ಇವುಗಳ ಮೇಲೇ. ಆದರೆ ಈ ಉಬ್ಬುಗಳು ಬೆರಳಿನ ಎಲುಬಲ್ಲ, ಅಂಗೈಯೆಲುಬಿನ ತಲೆಗಳು. ಬೆರಳಿನ ಮೊದಲ ಎಲುಬು ಆ ಉಬ್ಬಿನ ಆಚೆಯಿಂದ ಶುರುವಾಗುತ್ತದೆ. ಈಗ ಅಂಗೈ ತಿರುಗಿಸಿ. ಬೆರಳು ಅಂಗೈಗೆ ಸೇರುವ ಗೆರೆಯೇ ಮೊದಲ ಕೀಲು ಅನಿಸುತ್ತದೆ, ಅಲ್ವಾ? ಅಲ್ಲ. ಕೀಲು ಅದಕ್ಕಿಂತ ಕೆಳಗೆ, ಅಂಗೈಯ ಮೇಲಿನ ಅಡ್ಡಗೆರೆಯ ಹತ್ತಿರ ಇದೆ. ಬೆರಳುಗಳ ಸಂದಿಯ ಚರ್ಮ ಮೊದಲ ಎಲುಬಿನ ಅರ್ಧದವರೆಗೆ ಮುಚ್ಚಿಕೊಂಡಿದೆ. ಅದಕ್ಕೇ ಹಿಂದಿನಿಂದ ನೋಡಿದರೆ ಬೆರಳು ಉದ್ದ, ಮುಂದಿನಿಂದ ನೋಡಿದರೆ ಗಿಡ್ಡ.

ಇನ್ನೊಂದು ವಿಷಯ. ಬೆರಳನ್ನು ಮಡಿಸಿ ಬಿಡಿಸುವ ಸ್ನಾಯು ಒಂದೂ ಬೆರಳಿನೊಳಗಿಲ್ಲ. ಇನ್ನೊಂದು ಕೈಯಿಂದ ಮುಂಗೈಯನ್ನು ಹಿಡಿದು ಬೆರಳಾಡಿಸಿದರೆ ಅಲ್ಲಿ ಸ್ನಾಯು ಕುಣಿಯುವುದು ತಿಳಿಯುತ್ತದೆ. ಅಲ್ಲಿಂದ ಬರುವ ನರದಂಥ ಗಟ್ಟಿ ಹುರಿಗಳು ಎಲುಬುಗಳಿಗೆ ಅಂಟಿಕೊಂಡು ಎಳೆಯುತ್ತವೆ. ಮೊಳಕಾಲ್ಮೂರಿನ ಮಗ್ಗದ ಮುಂದೆ ಕೂತು, ತುಂಡಾದ ರೇಷ್ಮೆ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಸೇರಿಸುವ ಕೈಯಲ್ಲಿ ಕೆಲಸ ಮಾಡುವುದು ಮುಂಗೈ, ಬಾಗುವುದು ಗೆಣ್ಣು. ಎಳೆಯನ್ನು ಒತ್ತಿ ಹಿಡಿಯುವುದು ಬಾಗದ ತುದಿ ಎಲುಬು.

ಚೀಟಿಯ ಭಾಷೆ ಈಗ ಸುಲಭ. ಪ್ರಾಕ್ಸಿಮಲ್ ಅಂದರೆ ಮೈಗೆ ಹತ್ತಿರದ್ದು, ಡಿಸ್ಟಲ್ ಅಂದರೆ ದೂರದ್ದು. ನೆನಪಿಗೆ ನಾನು ಹೀಗೆ ಇಟ್ಟುಕೊಂಡಿದ್ದೇನೆ: ಉಂಗುರದ ಎಲುಬು, ನಡು ಎಲುಬು, ಉಗುರಿನ ಎಲುಬು. ಉಂಗುರ ಕೂರುವುದು ಪ್ರಾಕ್ಸಿಮಲ್ ಫ್ಯಾಲ್ಯಾಂಕ್ಸ್ ಮೇಲೆ. ಉಗುರನ್ನು ಹೊತ್ತಿರುವುದು ಡಿಸ್ಟಲ್ ಫ್ಯಾಲ್ಯಾಂಕ್ಸ್. 1895ರ ಡಿಸೆಂಬರ್ 22ರಂದು ಎಕ್ಸ್‌ರೇ ಕಂಡುಹಿಡಿದ ರಾಂಟ್ಜನ್ ತನ್ನ ಹೆಂಡತಿ ಆನ್ನಾ ಬರ್ಥಾಳ ಕೈಯ ಎಕ್ಸ್‌ರೇ ತೆಗೆದನಲ್ಲ, ಆ ಪ್ರಸಿದ್ಧ ಚಿತ್ರದಲ್ಲೂ ಹಾಗೇ ಕಾಣುತ್ತದೆ. ಮಬ್ಬು ಬೆರಳು, ಅದರೊಳಗೆ ಎಲುಬು, ಮೊದಲ ಎಲುಬಿನ ಮೇಲೆ ಕಪ್ಪಗೆ ಉಂಗುರ. ಮನುಷ್ಯ ತನ್ನ ಒಳಗನ್ನು ಕೊಯ್ಯದೆ ಕಂಡ ಮೊದಲ ದಿನಗಳಲ್ಲೇ ಕಂಡದ್ದು ಈ ಫ್ಯಾಲಂಜೀಸ್‌ಗಳನ್ನು.

ಇದೇ ಎಲುಬುಗಳು ವಯಸ್ಸನ್ನೂ ಹೇಳುತ್ತವೆ. ಬೆಳವಣಿಗೆಯ ಪಟ್ಟಿ ಹರೆಯ ಮುಗಿಯುವ ಹೊತ್ತಿಗೆ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಎಷ್ಟು ಮುಚ್ಚಿದೆ ಅಂತ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಕಿರಿಯರ ಕ್ರಿಕೆಟ್‌ನಲ್ಲಿ ವಯಸ್ಸು ಪರೀಕ್ಷಿಸಲು ಬಿಸಿಸಿಐ ಹುಡುಗರ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆಸುವುದು ಇದಕ್ಕೇ.

ನೆಟಿಗೆ ಮುರಿಯುವುದರ ಬಗ್ಗೆ ಒಂದು ಮಾತು. ದೃಷ್ಟಿ ತೆಗೆದ ಮೇಲೆ ಅಜ್ಜಿ ಮುರಿಯುವ ನೆಟಿಗೆಯಲ್ಲಿ ಏನೂ ಮುರಿಯುವುದಿಲ್ಲ. ಕೀಲಿನ ಒಳಗಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಗಾಳಿಗುಳ್ಳೆಯ ಆಟ ನಡೆಯುತ್ತದೆ, ಆ ಸದ್ದು ಅದು. ಅದೇ ಗೆಣ್ಣು ಮತ್ತೆ ಸದ್ದು ಮಾಡಬೇಕಾದರೆ ಸುಮಾರು 20 ನಿಮಿಷ ಬೇಕು. ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ ಐವತ್ತು ವರ್ಷ ಎಡಗೈಯದನ್ನು ಮಾತ್ರ ಮುರಿದು, ಬಲಗೈ ಹಾಗೇ ಬಿಟ್ಟು ನೋಡಿದರು. ಎರಡು ಕೈಗೂ ಸಂಧಿವಾತ ಬರಲಿಲ್ಲ. ಒಬ್ಬರ ಕೈಯಿಂದ ಎಲ್ಲವೂ ಸಾಬೀತಾಗುವುದಿಲ್ಲ, ಆದರೂ ಅಷ್ಟು ತಾಳ್ಮೆಗೆ ಗೌರವ ಕೊಡಬೇಕು.

ನೋವಿನ ವಿಷಯಕ್ಕೆ ಬಂದರೆ, ಗೆಣ್ಣು ಮತ್ತು ಎಲುಬಿನ ವ್ಯತ್ಯಾಸ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ವಯಸ್ಸಾದವರಲ್ಲಿ ಉಗುರಿನ ಹತ್ತಿರದ ಗೆಣ್ಣು ಗಟ್ಟಿಯಾಗಿ ಉಬ್ಬಿದ್ದರೆ ಅದು ಸಾಮಾನ್ಯವಾಗಿ ಸವೆತದಿಂದ. ಮುಷ್ಟಿಯ ಗೆಣ್ಣು, ನಡು ಗೆಣ್ಣು ಎರಡೂ ಕೈಯಲ್ಲಿ ಮೆತ್ತಗೆ ಊದಿ, ಬೆಳಿಗ್ಗೆ ಎದ್ದು ಒಂದು ಗಂಟೆ ಕಳೆದರೂ ಬಿಗಿತ ಬಿಡದಿದ್ದರೆ ಅದು ರುಮಟಾಯ್ಡ್ ಅನ್ನುವ ಸಂಧಿವಾತ ಇರಬಹುದು. ಅದಕ್ಕೆ ಬೇಗ ಔಷಧಿ ಶುರುವಾಗಬೇಕು, ಎಣ್ಣೆ ತಿಕ್ಕುತ್ತಾ ಕೂರಬಾರದು. ಡಾಕ್ಟರ ಹತ್ತಿರ “ಬೆರಳು ನೋಯ್ತೈತಿ” ಅನ್ನುವ ಬದಲು ಯಾವ ಗೆಣ್ಣು ಅಂತ ಬೆರಳಿಟ್ಟು ತೋರಿಸಿ.

ಪೆಟ್ಟು ಬಿದ್ದಾಗಲೂ ಹಾಗೇ. ಚೆಂಡು ತುದಿಗೆ ಬಡಿದು ಉಗುರಿನ ಭಾಗ ಜೋತು ಬಿದ್ದರೆ, ತಾನೇ ನೆಟ್ಟಗೆ ಮಾಡಲು ಆಗದಿದ್ದರೆ, ಅದು ಉಳುಕಲ್ಲ. ಉಗುರಿನ ಎಲುಬಿಗೆ ಅಂಟಿದ ಹುರಿ ಕಿತ್ತಿದೆ. ಆರರಿಂದ ಎಂಟು ವಾರ ಬಿಡದೆ ಪಟ್ಟಿ ಕಟ್ಟಿದರೆ ಬಹಳಷ್ಟು ಸಲ ಕೂಡಿಕೊಳ್ಳುತ್ತದೆ. ನಡುವೆ ಬಿಚ್ಚಿ ಬಾಗಿಸಿದರೆ ಮತ್ತೆ ಮೊದಲಿಂದ. ಎಲುಬು ಮುರಿದಿರುವ ಅನುಮಾನ ಇದ್ದರೆ ಬೆರಳುಗಳನ್ನು ಮೆಲ್ಲಗೆ ಅಂಗೈಗೆ ಮಡಿಸಿ ನೋಡಿ. ನಾಲ್ಕೂ ತುದಿ ಹೆಬ್ಬೆರಳ ಬುಡದ ಕಡೆಗೆ ಮುಖ ಮಾಡಬೇಕು. ಒಂದು ಬೆರಳು ಪಕ್ಕದ್ದರ ಮೇಲೆ ಹತ್ತಿದರೆ ಎಲುಬು ತಿರುಚಿ ಕೂತಿದೆ ಅಂತ. ಅಂಥದ್ದನ್ನು ಯಾರಿಂದಲೂ ಎಳೆಸಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಹೊರಡುವ ಮುಂಚೆ ಉಂಗುರ ತೆಗೆಯಿರಿ, ಊತ ಏರಿದ ಮೇಲೆ ಅದು ಬರುವುದಿಲ್ಲ. ಬರದಿದ್ದರೆ ಸೋಪಿನ ನೀರು ಸವರಿ, ಕೈ ಮೇಲೆತ್ತಿ ಹಿಡಿದು, ನಿಧಾನವಾಗಿ ತಿರುಗಿಸುತ್ತಾ ನಡು ಗೆಣ್ಣು ದಾಟಿಸಿ. ಅದೊಂದು ದಾಟಿದರೆ ಸಾಕು, ಮುಂದೆ ತಾನೇ ಜಾರುತ್ತದೆ.